ಫೋನಿನ ಐದನೆಯ ಜಾಗ

ನನ್ನ ಫೋನಿನಿಂದ ಒಮ್ಮೆಗೆ ಐದು ಮಂದಿಯನ್ನಷ್ಟೇ ಜೋಡಿಸಲು ಬರುತ್ತಿತ್ತು. ಆರನೆಯವರಿಗೆ ಜಾಗವಿರಲಿಲ್ಲ. ಲಾಕ್‌ಡೌನಿನ ಮೊದಲ ವಾರ ನಾನು ಕಲಿತದ್ದು ಇದನ್ನು. ಮುಂದೆ ಮಳೆಗಾಲದವರೆಗೆ ನನ್ನನ್ನು ಕಾಡಿದ್ದೂ ಇದೇ.

ಆಗ ನಾನು ಬೀದರಿನ ಒಂದು ಸಣ್ಣ ಸಂಸ್ಥೆಯಲ್ಲಿ ನಿವೃತ್ತರ ಕಲಿಕಾ ಕೂಟಗಳನ್ನು ನೋಡಿಕೊಳ್ಳುತ್ತಿದ್ದೆ. ಬೀದರ್, ಭಾಲ್ಕಿ, ಔರಾದ್, ಮೂರು ಊರುಗಳಲ್ಲಿ ವಾರಕ್ಕೊಂದು ಕೂಟ. ನಿವೃತ್ತರು ಸೇರುತ್ತಿದ್ದರು, ಒಬ್ಬರು ತಮಗೆ ತಿಳಿದದ್ದನ್ನು ಉಳಿದವರಿಗೆ ಕಲಿಸುತ್ತಿದ್ದರು, ಆಮೇಲೆ ಚಹಾ ಕುಡಿದು ಒಂದಿಷ್ಟು ಜಗಳಾಡಿ ಮನೆಗೆ ಹೋಗುತ್ತಿದ್ದರು. ಜಾಗ ಗೊತ್ತು ಮಾಡುವುದು, ಹಾಜರಿ ಬರೆಯುವುದು, ಚಹಾಕ್ಕೆ ಹೇಳುವುದು ನನ್ನ ಕೆಲಸ. ಬಸ್ಸುಗಳು ನಿಂತ ದಿನ ಕೂಟಗಳೂ ನಿಂತವು. ಭಾತಂಬ್ರಾದ ನಮ್ಮ ಮನೆಗೆ ಹೋಗಲಾರದೆ ನಾನು ಬೀದರಿನ ಬಾಡಿಗೆ ಕೋಣೆಯಲ್ಲೇ ಉಳಿದೆ.

ನಮ್ಮ ಸಂಸ್ಥೆಯ ಕಾರ್ಯದರ್ಶಿಯವರು ಫೋನು ಮಾಡಿದರು. “ಮಂದಿ ಕೂಡದಿದ್ರ ಅದೆಂಥ ಕೂಟವ್ವಾ? ಆದ್ರೂ ಫೋನಿನಾಗ ಏನರೆ ಮಾಡ್ಲಿಕ್ಕಿ ಬರ್ತದೇನು ನೋಡು” ಅಂದರು.

ಮೊದಲು ವಿಡಿಯೊ ಕರೆ ಮಾಡಿ ನೋಡಿದೆ. ಸದಸ್ಯರಲ್ಲಿ ಹೆಚ್ಚಿನವರ ಹತ್ತಿರ ಇದ್ದದ್ದು ಗುಂಡಿಯ ಫೋನು. ದೊಡ್ಡ ಫೋನು ಇದ್ದ ಕಡೆ ಅದು ಮೊಮ್ಮಕ್ಕಳ ಕೈಯಲ್ಲಿತ್ತು. ಹಾಗಾಗಿ ಸಾದಾ ಕರೆಗೆ ಬಂದೆ. ಒಬ್ಬರಿಗೆ ಹಚ್ಚಿ, ಹೋಲ್ಡಿಗೆ ಹಾಕಿ, ಇನ್ನೊಬ್ಬರಿಗೆ ಹಚ್ಚಿ ಇಬ್ಬರನ್ನೂ ಕೂಡಿಸುವುದು, ಹೀಗೇ ಐದು ಮಂದಿಯಾಗುವವರೆಗೆ. ಊರು ಬೆರೆಸಿ ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ವಾರದ ಒಂದು ಸಂಜೆ ಕೊಟ್ಟೆ. ಭಾಲ್ಕಿಯವರು ಔರಾದಿನವರ ಜೊತೆ ಕೂಡಿ ಕಲಿತದ್ದು ಅದೇ ಮೊದಲು.

ಇಲ್ಲಿ ಬರೆಯುತ್ತಿರುವುದು ಸೋಮವಾರದ ಗುಂಪಿನ ವಿಷಯ. ಭಾಲ್ಕಿಯಿಂದ ಇಬ್ಬರು: ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಹೆಡ್‌ಮಾಸ್ತರು, ತಹಶೀಲ್ ಕಚೇರಿಯಲ್ಲಿದ್ದ ಟೈಪಿಸ್ಟ್‌ಬಾಯಿ. ಬೀದರಿನಿಂದ ಇಬ್ಬರು: ಊರ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಹಳೆ ಊರಿನ ಕಂಡಕ್ಟರ್ ಚಾಚಾ. ಐದನೆಯವರು ಔರಾದಿನ ನರ್ಸಬಾಯಿ. ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿ, ಕೂಸುಗಳಿಗೆ ಲಸಿಕೆ ಹಾಕಿ ನಿವೃತ್ತರಾದವರು. ಅವರ ಮನೆಯಲ್ಲಿ ಸಿಗ್ನಲ್ ಬರುತ್ತಿದ್ದದ್ದು ಮಾಳಿಗೆಯ ಮೇಲಷ್ಟೇ. ಅವರು ಮೆಟ್ಟಿಲು ಹತ್ತುವವರೆಗೆ ಕಾದು, ಯಾವಾಗಲೂ ಕೊನೆಯಲ್ಲಿ ಅವರನ್ನು ಜೋಡಿಸುತ್ತಿದ್ದೆ. ಅದಕ್ಕೇ ನನ್ನ ದಿನಚರಿಯಲ್ಲಿ ಅವರ ಹೆಸರಿನ ಮುಂದೆ ಯಾವಾಗಲೂ ಐದು ಎಂದಿರುತ್ತಿತ್ತು.

ಮೊದಲ ಕರೆ ಸಂತೆಯಾಯಿತು.

“ಹಲೋ, ಯಾರ್ರಿ?”

“ನಾನ್ರಿ.”

“ನಾನಂದ್ರ ಯಾರ್ರಿ?”

“ಅರೆ, ನಾನೂ ನಾನೇ ಅಲ್ಲೇನ್ರಿ!”

ಎಲ್ಲರೂ ಒಮ್ಮೆಲೇ ಮಾತಾಡಿದರು, ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದರು. ಆಗ ಕಂಡಕ್ಟರ್ ಚಾಚಾ ತಮ್ಮ ಕೆಲಸದ ಕ್ರಮವನ್ನೇ ಇಲ್ಲಿಗೆ ತಂದರು. ಯಾರಾದರೂ ನಡುವೆ ಬಾಯಿ ಹಾಕಿದರೆ ಚಾಚಾ ‘ಹೋಲ್ಡಾನ್’ ಅನ್ನುವುದು. ಮಾತಾಡುವವರು ಮುಗಿಸಿದ ಮೇಲೆ ತಾವೇ ‘ರೈಟ್’ ಅನ್ನುವುದು. ರೈಟ್ ಅನ್ನುವ ತನಕ ಇನ್ನೊಬ್ಬರು ಬಾಯಿ ತೆರೆಯಬಾರದು. ಹೆಡ್‌ಮಾಸ್ತರು, “ಸಾಹೇಬ್ರ, ಇದು ಬಸ್ ಅಲ್ರಿ” ಅಂದರು. “ರೈಟ್ ಅನ್ಲಿಲ್ಲ ನೀವು, ಮಾಸ್ತರ್ ಸಾಬ್. ಗಾಡಿ ಇನ್ನಾ ನಿಂತದ” ಅಂದರು ಚಾಚಾ. ನರ್ಸಬಾಯಿ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

ನರ್ಸಬಾಯಿ ಮೊದಲಿಂದಲೂ ಕಿವಿಗೆ ಮಷೀನು ಹಾಕಿಕೊಳ್ಳುತ್ತಿದ್ದರು. ಅದರೊಳಗಿನ ಗುಂಡಿಯಂಥ ಸೆಲ್ಲನ್ನು ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕು. ಆ ಸೆಲ್ಲು ಸಿಗುತ್ತಿದ್ದದ್ದು ಬೀದರಿನ ಒಂದೇ ಅಂಗಡಿಯಲ್ಲಿ, ಅದು ಮುಚ್ಚಿತ್ತು. ಏಪ್ರಿಲ್ ಎರಡನೆಯ ವಾರ ಅವರ ಕೊನೆಯ ಸೆಲ್ಲು ಮುಗಿಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಆ ಸೋಮವಾರ ಹೆಡ್‌ಮಾಸ್ತರರ ಪಾಠವಿತ್ತು. ಸಂಜೆ ಹೊತ್ತು ಮುಳುಗಿದ ಮೇಲೆ ಎಲ್ಲರೂ ಮಾಳಿಗೆಗೆ ಹೋಗುವುದು, ಮೂರು ಊರುಗಳಿಂದ ಒಂದೇ ಆಕಾಶ ನೋಡುವುದು. ಪಡುವಣದಲ್ಲಿ ಆಗ ಶುಕ್ರ ಬಹಳ ಬೆಳಗುತ್ತಿತ್ತು. ಅವರು ದಿಗಂತ, ಡಿಗ್ರಿ, ವಾಯವ್ಯ ಎಂದೆಲ್ಲ ಚೆನ್ನಾಗಿ ವಿವರಿಸಿದರು. ಫಿಟ್ಟರಿಗೆ ಸಿಕ್ಕಿತು, ಟೈಪಿಸ್ಟ್‌ಬಾಯಿಗೆ ಸಿಕ್ಕಿತು. ಕೊನೆಯಲ್ಲಿ ನಾನು “ಸಿಸ್ಟರ್, ನಿಮಗ ಕಾಣಸ್ತೇನ್ರಿ?” ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಕೂಗಿ ಕೇಳಿದೆ. ಬಹಳ ಹೊತ್ತಾದ ಮೇಲೆ ಅವರು, “ಎಲ್ಲಾರಿಗೂ ಜೈ ಭೀಮ್ ರಿ, ನಾ ಇಡ್ತೇನಿ” ಎಂದು ಫೋನು ಇಟ್ಟರು.

ಮರುದಿನ ಮುಂಜಾನೆ ಕರೆ ಮಾಡಿದಾಗ ಅವರ ಸೊಸೆ ಎತ್ತಿದಳು. ಸೆಲ್ಲಿನ ವಿಷಯ ಹೇಳಿದ್ದು ಅವಳೇ. “ಅತ್ತಿ ಬಾಜೂನೇ ಕುಂತಾರ ನೋಡ್ರಿ. ನಾ ಮಾರಿ ಮುಂದ ನಿಂತು ಹೇಳಿದ್ರ ತುಟಿ ನೋಡಿ ತಿಳ್ಕೋತಾರ” ಅಂದಳು. ನಾನು ಕೇಳಿದ್ದನ್ನು ಅವಳು ತುಟಿಯಾಡಿಸಿ ಹೇಳಿದಳು. ನರ್ಸಬಾಯಿ ಫೋನು ಇಸಿದುಕೊಂಡು ತಾವೇ ಮಾತಾಡಿದರು.

“ತಂಗೀ, ನಂದೊಂದು ಮಾತು. ನನ್ನ ಜಾಗಾ ಇನ್ನೊಬ್ಬರಿಗಿ ಕೊಟ್ಟುಬಿಡು. ನಿನ್ನಿ ಎಲ್ಲಾರೂ ಆಕಾಶದಾಗಿನ ಚಿಕ್ಕಿ ನೋಡ್ಯಾರ. ನಾ ಮಾಳಗಿ ಮ್ಯಾಲ ಫೋನ್ ಹಿಡ್ಕೊಂಡು ಸುಮ್ನೆ ನಿಂತಿದ್ದೆ. ಮನಿಯಾಗ ಎಂಟು ಮಂದಿ ಅದೀವಿ. ಎಲ್ಲಾರೂ ಬಾಯಿ ಆಡಸ್ತಾರ, ನಾ ನಕ್ಕೋತ ಕುಂಡರ್ತೇನಿ. ಸೋಮವಾರ ಒಂದು ದಿನ ನಗಾದು ಬ್ಯಾಡಿತ್ತು, ಖರೆ ಖರೆ ಮಾತಾಡ್ತಿದ್ದೆ. ಅದೂ ಆಯ್ತು.”

ಕರೆಯ ಹೊತ್ತಿಗೆ ಸೊಸೆಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬಹುದಲ್ಲ ಎಂದು ಅವಳ ಮೂಲಕವೇ ಕೇಳಿದೆ. “ಎಂಟು ಮಂದಿಗಿ ರೊಟ್ಟಿ ಬಡಿಯೋ ಹೊತ್ತದು. ಅಕಿನ್ನ ಒಲಿ ಮುಂದಿಂದ ಎಬ್ಬಿಸಿ ನಾ ಚಿಕ್ಕಿ ನೋಡ್ಲೇನು?” ಅಂದರು.

ಅವರ ಜಾಗಕ್ಕೆ ಕಾಯುತ್ತಿದ್ದವರೂ ಇದ್ದರು. ಭಾಲ್ಕಿ ಕಡೆಯ ಸಾಯಗಾಂವದ ನಿವೃತ್ತ ಜಮಾದಾರರು. ಪೊಲೀಸ್ ಇಲಾಖೆಯಲ್ಲಿದ್ದವರು. ಕೂಟದ ಸುದ್ದಿ ಕೇಳಿ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. “ನನ್ನ ನಂಬರ್ ಬಂತೇನವ್ವಾ? ಮನಿಯಾಗ ಕುಂತು ಕುಂತು ಆರೋಪಿ ಆದಂಗ ಆಗ್ಯಾದ.” ಎಲ್ಲ ಗುಂಪುಗಳೂ ತುಂಬಿದ್ದವು. ಅವರೊಬ್ಬರಿಗಾಗಿ ಹೊಸ ಗುಂಪು ಮಾಡಲು ಬರುತ್ತಿರಲಿಲ್ಲ.

ಕಾರ್ಯದರ್ಶಿಯವರಿಗೆ ಇದ್ದದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ, ಯೋಚಿಸಿಯೇ ಹೇಳಿದರು. “ಕೇಳಸದವ್ರಿಗಿ ಫೋನಿನ ಕೂಟ ಹ್ಯಾಂಗ ನಡಸ್ತಿ? ಆ ಬಾಯೇ ಬಿಡ್ತೇನಿ ಅಂದಾಳ. ಜಮಾದಾರರನ್ನ ತಗೋ. ಬಸ್ ಚಾಲೂ ಆದ್ಮ್ಯಾಲ ಬಾಯಿಗಿ ಮತ್ತ ಕರಿಯೋಣ.” ನಾನು ಎರಡು ಸೋಮವಾರ ಕೇಳಿದೆ. ಕೊಟ್ಟರು.

ಮೊದಲು ಸೆಲ್ಲಿನ ಬೆನ್ನು ಹತ್ತಿದೆ. ಬೀದರಿನಲ್ಲಿ ತೆರೆದಿದ್ದ ಔಷಧಿ ಅಂಗಡಿಗಳಲ್ಲಿ ಇರಲಿಲ್ಲ. ಗಡಿಯಾರ ರಿಪೇರಿಯವನೊಬ್ಬ ನನ್ನ ಮನೆ ಮಾಲೀಕರಿಗೆ ಪರಿಚಯದವನು. ಅವನ ಮನೆಯಿಂದ ಅದೇ ಗಾತ್ರದಂತೆ ಕಾಣುವ ಗುಂಡಿ ಸೆಲ್ಲುಗಳನ್ನು ತಂದು, ಔರಾದಿಗೆ ವಾಪಸು ಹೋಗುವ ತರಕಾರಿ ಗಾಡಿಯವನ ಕೈಯಲ್ಲಿ ಕಳಿಸಿದೆ. ಸಂಜೆ ಸೊಸೆಯ ಫೋನು ಬಂತು. “ಒಳಗ ಕುಂಡರ್ತದ್ರಿ, ಖರೆ ಗಲ್ಲಾ ಡಬ್ಬಿ ಪೈಸಾದಂಗ ಗಲಗಲ ಅಂತದ. ಚಾಲೂ ಆಗಲ್ಲ.” ಕಿವಿಯ ಸೆಲ್ಲೇ ಬೇರೆ, ಗಡಿಯಾರದ್ದೇ ಬೇರೆ ಎಂದು ನನಗೆ ಆಗ ತಿಳಿಯಿತು. ಒಂದು ವಾರ ಹೋಯಿತು.

ಮುಂದಿನ ಸೋಮವಾರ ನರ್ಸಬಾಯಿಯನ್ನು ಒತ್ತಾಯ ಮಾಡಿ ಕರೆಗೆ ಸೇರಿಸಿದೆ. ಅಂದು ಟೈಪಿಸ್ಟ್‌ಬಾಯಿ ಉಪ್ಪಿನಕಾಯಿ ಹಾಕುವ ಕ್ರಮ ಹೇಳುತ್ತಿದ್ದರು. ಎಣ್ಣೆ ಕಾಯಿಸಿ ಹಾಕಬೇಕೋ ಹಸಿ ಹಾಕಬೇಕೋ ಎಂಬಲ್ಲಿ ಫಿಟ್ಟರಿಗೂ ಅವರಿಗೂ ಹತ್ತಿಕೊಂಡಿತು. ಹೆಡ್‌ಮಾಸ್ತರು ನಡುವೆ ಬಂದರು. ಮೂವರೂ ಏರುಧ್ವನಿಯಲ್ಲಿ ಮಾತಾಡತೊಡಗಿದಾಗ ಕಂಡಕ್ಟರ್ ಚಾಚಾ, ಬೀಡಿಯಿಂದ ಒರಟಾದ ತಮ್ಮ ತಗ್ಗು ಧ್ವನಿಯಲ್ಲಿ, ಅವಸರವಿಲ್ಲದೆ, “ಹೋ…ಲ್ಡಾನ್” ಅಂದರು.

ಮೂವರೂ ಬಾಯಿ ಮುಚ್ಚುವಷ್ಟರಲ್ಲಿ ನರ್ಸಬಾಯಿ ನಕ್ಕರು. “ಯಾಕ್ರಿ ಚಾಚಾ, ಬಸ್ ಯಾಕ ನಿಂದ್ರಿಸಿದ್ರಿ?”

ನಾನು ದಿನಚರಿ ತೆಗೆದು ಹೊತ್ತು ಬರೆದುಕೊಂಡೆ. ಅಷ್ಟು ಜನರ ಅಷ್ಟು ಕೂಗಿನಲ್ಲಿ ಅವರಿಗೆ ಮುಟ್ಟಿದ್ದು ಎಲ್ಲರಿಗಿಂತ ಮೆಲ್ಲಗೆ ಆಡಿದ ಆ ಒಂದು ಮಾತು.

ಮರುದಿನ ಪರೀಕ್ಷೆ ಮಾಡಿದೆ. ಮನೆಬಳಕೆಯ ಇಪ್ಪತ್ತು ಮಾತುಗಳನ್ನು ಆರಿಸಿದೆ. ಸೊಸೆಯ ಮೂಲಕ ನರ್ಸಬಾಯಿಗೆ ತಿಳಿಸಿದೆ: ಫೋನಿನಲ್ಲಿ ಕೇಳಿಸಿದ್ದನ್ನು ತಿರುಗಿ ಹೇಳಬೇಕು, ಕೇಳಿಸದಿದ್ದರೆ ‘ಇಲ್ಲ’ ಅನ್ನಬೇಕು. ಮೊದಲು ನಾನು ಓದಿದೆ, ಆಮೇಲೆ ಫಿಟ್ಟರು, ಆಮೇಲೆ ಚಾಚಾ. ನಾನು ಓದಿದ್ದರಲ್ಲಿ ಐದು ಕೇಳಿಸಿದವು. ಫಿಟ್ಟರದ್ದು ಒಂಬತ್ತು. ಫಿಟ್ಟರು “ತಡೀರಿ, ಜೋರಾಗಿ ಓದ್ತೇನಿ” ಎಂದು ಕೂಗಿ ಓದಿದಾಗ ಅದು ಏಳಕ್ಕಿಳಿಯಿತು. ಚಾಚಾ ಓದಿದ್ದು ಹದಿನಾರು. ಸಂಶಯದಿಂದ ಮಾತುಗಳ ಕ್ರಮ ಬದಲಿಸಿ ಬುಧವಾರ ಮತ್ತೆ ಮಾಡಿದೆ. ಅಂಕಿ ಹೆಚ್ಚು ಕಡಿಮೆ ಅವೇ ಬಂದವು. ಕಾರಣ ನನಗೆ ಆಗ ಗೊತ್ತಿರಲಿಲ್ಲ. ವಯಸ್ಸಿಗೆ ಮಂದವಾಗುವ ಕಿವಿಯಲ್ಲಿ ಸೀಟಿಯಂಥ ತೆಳು ದನಿಗಳು ಮೊದಲು ಹೋಗುತ್ತವೆ, ಕೂಗಿದಷ್ಟೂ ನಮ್ಮ ದನಿ ತೆಳುವಾಗುತ್ತದೆ ಎಂದು ಕಿವಿ ಮಷೀನಿನ ಅಂಗಡಿಯವರು ಮುಂದೆ ಯಾವಾಗಲೋ ಹೇಳಿದರು. ಆ ವಾರ ನನ್ನ ಕೈಯಲ್ಲಿದ್ದದ್ದು ಅಂಕಿಗಳು ಮಾತ್ರ.

ಅವುಗಳ ಮೇಲೆ ಒಂದು ನಿರ್ಧಾರಕ್ಕೆ ಬಂದೆ. ಸೋಮವಾರದ ಕರೆಯಲ್ಲಿ ಯಾರೇ ಮಾತಾಡಲಿ, ಒಂದು ವಾಕ್ಯ ಹೇಳಿ ರೈಟ್ ಅನ್ನಬೇಕು. ಅದೇ ವಾಕ್ಯವನ್ನು ಚಾಚಾ ತಮ್ಮ ದನಿಯಲ್ಲಿ ತಿರುಗಿ ಹೇಳಬೇಕು. ನರ್ಸಬಾಯಿ ‘ಹಾಂ’ ಅಂದ ಮೇಲೆ ಮುಂದಿನ ವಾಕ್ಯ. ಇದರಿಂದ ಪ್ರತಿ ಪಾಠ ಅರ್ಧಕ್ಕಿಳಿಯುತ್ತದೆ. ನಾನು ನಡೆಸುವವಳಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ಚಾಚಾರಿಗೆ ಹೇಳಿದೆ.

“ಬೇಟಿ, ಫೋನಿನಾಗ ಏನೇನ್ ಬರ್ಲಿಕ್ಕತ್ಯಾವ ನೀ ನೋಡೀದಿ. ರೋಗ ನಾವೇ ಹಂಚ್ತೇವಂತ. ನಿನ್ನಿ ತರಕಾರಿ ಬಂಡಿಯಂವ ನನ್ನ ಟೋಪಿ ನೋಡಿ ಮುಂದ್ ಹೋದ. ಇಂಥಾದ್ರಾಗ ಎಲ್ಲಾರ ಮಾತು ನನ್ನ ಬಾಯಿಲೆ ಹೇಳಸ್ತೀ?”

“ಹದಿನಾರು ಬಂದಾವ ಚಾಚಾ” ಅಂದೆ.

ಅವರು ನಕ್ಕರು. “ಇಪ್ಪತ್ತಕ್ಕ ಹದಿನಾರು. ಸಾಲ್ಯಾಗ ನನಗ ಇಷ್ಟು ಎಂದೂ ಬಂದಿಲ್ಲ. ಆಯ್ತು. ಖರೆ ಒಂದು ಮುಶ್ಕಿಲ್ ಅದ. ಈ ವಾರ ಚಾಂದ್ ಕಾಣಸ್ತದ, ರಂಜಾನದ ರೋಜಾ ಶುರು. ನಿಮ್ಮ ಕೂಟದ ಟೈಮಿಗೇ ನಾವು ರೋಜಾ ಬಿಡ್ತೇವ. ಆಮ್ಯಾಲ ನಮಾಜು. ದಿನ ತುಂಬ ನೀರಿಲ್ಲದ ಗಂಟಲು ಬ್ಯಾರೆ.”

ಹೆಡ್‌ಮಾಸ್ತರರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಅವರ ಆಕಾಶದ ಪಾಠದ ಎರಡನೆಯ ಭಾಗ ಮುಂದಿನ ಸೋಮವಾರಕ್ಕಿತ್ತು.

“ಏನು? ನಾ ಹೇಳಿದ್ದನ್ನ ಅವ್ರು ಇನ್ನೊಮ್ಮಿ ಹೇಳಾದೇನು? ನಾ ಒಂದು ಹೇಳ್ತೇನಿ, ಅವ್ರು ಅದಕ್ಕ ಒಗ್ಗರಣಿ ಹಾಕಿ ಇನ್ನೊಂದು ಹೇಳ್ತಾರ. ಇದು ವಿಜ್ಞಾನ ಅದವ್ವಾ, ಟಿಕೇಟ್ ಅಲ್ಲ. ಒಬ್ಬರ ಸಲುವಾಗಿ ನಾಲ್ಕು ಮಂದಿ ಪಾಠ ಕೆಡಸ್ತೀಯೇನು?”

ಅವರ ಮಾತಿನಲ್ಲಿ ನ್ಯಾಯವೂ ಇತ್ತು. ನಾನು ಎದುರು ಹೇಳಲಿಲ್ಲ. ರೋಜಾದ ವಿಷಯ, ಹೊತ್ತು ಬದಲಾಗಬೇಕೆಂಬ ವಿಷಯ, ಮನೆಯವರ ನಡುವೆ ನಕ್ಕೋತ ಕೂರುತ್ತೇನೆಂದು ನರ್ಸಬಾಯಿ ಅಂದದ್ದು, ಇಷ್ಟು ತಿಳಿಸಿ ಫೋನು ಇಟ್ಟೆ. ಆ ದಿನದ ಪುಟದ ಕೆಳಗೆ, ಜಾಗ ಕೊಡಲು ಜಮಾದಾರರಿಗೆ ಶನಿವಾರ ಫೋನು ಮಾಡಬೇಕು ಎಂದು ಬರೆದೆ.

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹೆಡ್‌ಮಾಸ್ತರರೇ ಫೋನು ಮಾಡಿದರು.

“ಬರಕೋ” ಅಂದರು. “ಪಾಠ ಸಣ್ಣದು ಮಾಡೀನಿ. ಒಂದೊಂದು ವಾಕ್ಯಕ್ಕ ಒಂದೇ ಕೆಲಸ. ಡಿಗ್ರಿ ತಗದೀನಿ, ಮುಷ್ಟಿ ಹಾಕೀನಿ. ಕೈ ಚಾಚಿ ಮುಷ್ಟಿ ಹಿಡಿದ್ರ ಒಂದು ಮುಷ್ಟಿ ಹತ್ತು ಡಿಗ್ರಿ ಆಗ್ತದ, ಯಾರ ಕೈ ಇದ್ರೂ ಹೆಚ್ಚು ಕಮ್ಮಿ ಅಷ್ಟೇ. ಸಾಹೇಬ್ರು ರೋಜಾ ಬಿಡ್ಲಿ, ನಮಾಜು ಮಾಡ್ಲಿ, ಏಳೂವರಿಗಿ ಕುಂಡ್ರೋಣು. ನನ್ನ ಊಟ ಮುಂದ ಹೋಗ್ತದ, ಹೋಗ್ಲಿ.”

ನಾನು ಬ್ರಶ್ಶು ಹಿಡಿದುಕೊಂಡೇ ನಿಂತಿದ್ದೆ. ಕಾರಣವನ್ನು ಅವರೇ ಹೇಳಿದರು.

“ನಿನ್ನಿ ಅಂಗಳದಾಗ ಕುಂತು ಯೋಚನಿ ಮಾಡ್ದೆ. ನನ್ನ ಪಾಠ ಕ್ಲಾಸೆಲ್ಲ ಕೇಳ್ತಿತ್ತು ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ. ಖರೆ ಹೇಳ್ಬೇಕಂದ್ರ ಮುಂದಿನ ಎರಡು ಬೆಂಚು ಕೇಳ್ತಿದ್ವು. ಹಿಂದಿನವ್ರು ಈ ಬಾಯಿಯಂಗೇ, ನಕ್ಕೋತ ಕುಂಡರ್ತಿದ್ರು.”

ಸೋಮವಾರ ಏಳೂವರೆಗೆ ಎಂದಿನ ಕ್ರಮದಲ್ಲಿ ಜೋಡಿಸಿದೆ. ಫಿಟ್ಟರು, ಟೈಪಿಸ್ಟ್‌ಬಾಯಿ, ಹೆಡ್‌ಮಾಸ್ತರು, ಚಾಚಾ, ಕೊನೆಯಲ್ಲಿ ನರ್ಸಬಾಯಿ. ಹೆಡ್‌ಮಾಸ್ತರು “ಶರಣು” ಅಂದರು. ಚಾಚಾ ಅದನ್ನು ತಿರುಗಿ ಹೇಳಿದರು: “ನರ್ಸಬಾಯೀ… ಮಾಸ್ತರ್ ಸಾಬ್… ಶರಣು ಅಂದಾರ.” ಔರಾದಿನಿಂದ ತುಸು ಹೊತ್ತಿನ ಮೇಲೆ ಉತ್ತರ ಬಂತು: “ಶರಣ್ರಿ ಸರ.” ಒಂದು ನಮಸ್ಕಾರ ಹೋಗಿ ಬರುವಷ್ಟರಲ್ಲಿ ಅಷ್ಟು ಹೊತ್ತಾಗಿತ್ತು. ಫಿಟ್ಟರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

“ಹೊತ್ತು ಮುಣಗಿದ ಕಡಿ ಮಾರಿ ಮಾಡಿ ನಿಂದ್ರಿ. ರೈಟ್.”

“ಹೊತ್ತು ಮುಣಗಿದ ಕಡಿ… ಮಾರಿ ಮಾಡ್ರಿ.”

“ಹಾಂ. ಮಾಡೀನಿ.”

“ಬಲಗೈ ಮುಂದ ಚಾಚಿ ಮುಷ್ಟಿ ಹಿಡೀರಿ. ರೈಟ್.”

“ಬಲಗೈ… ಮುಂದ… ಮುಷ್ಟಿ ಹಿಡೀರಿ. ಹೊಡಿಲಿಕ್ಕಲ್ಲ, ಅಳಿಲಿಕ್ಕಿ.”

“ಹೊಡಿಯಾದು ನಾ ಹೇಳಿಲ್ಲ!”

“ಮಾಸ್ತರ್ ಸಾಬ್, ರೈಟ್ ಅನ್ರಿ.”

“…ರೈಟ್.”

“ಹಾಂ. ಹಿಡಿದೀನಿ.”

“ನೆಲ ಮುಗಿದು ಆಕಾಶ ಹತ್ತೋ ಕಡಿಂದ ಮುಷ್ಟಿ ಮ್ಯಾಲ ಮುಷ್ಟಿ ಇಡ್ರಿ. ಮೂರು. ರೈಟ್.”

ಚಾಚಾ ಹೇಳಿದರು. ಔರಾದಿನ ಮಾಳಿಗೆಯ ಮೇಲೆ ನರ್ಸಬಾಯಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಹಿಡಿದು ಮುಷ್ಟಿಯಿಂದ ಅಳೆಯುತ್ತಿರಬೇಕು. ಬಳೆಯ ಸಪ್ಪಳ ಬಂತು. “ಒಂದು… ಎರಡು… ಮೂರು.” ಲೈನು ಕಡಿಯಿತೋ ಎಂದು ನಾನು ಫೋನು ನೋಡಿಕೊಂಡೆ.

“ಅಯ್ಯ! ಇಷ್ಟು ದೊಡ್ಡ ಚಿಕ್ಕಿ! ಮ್ಯಾಲ ಚಂದ್ರಾಮನೂ ಇದ್ದಾನ. ಇದು ದಿನಾ ಇರ್ತಿತ್ತೇನ್ರಿ ಇಲ್ಲಿ?”

ಹೆಡ್‌ಮಾಸ್ತರು ನಕ್ಷತ್ರಕ್ಕೂ ಗ್ರಹಕ್ಕೂ ಇರುವ ವ್ಯತ್ಯಾಸ ಹೇಳುತ್ತಾರೆಂದು ನಾನು ಕಾದೆ. ಅವರು, “ದಿನಾ ಇತ್ತು ಅಂತ ಹೇಳ್ರಿ ಸಾಹೇಬ್ರ” ಎಂದಷ್ಟೇ ಅಂದರು.

ಆ ದಿನ ನಡೆದದ್ದೆಲ್ಲ ಕಾರ್ಯದರ್ಶಿಯವರಿಗೆ ಹೇಳಿದೆ. “ಪೂರಾ ಪಾಠದಾಗ ಒಂದೇ ಚಿಕ್ಕಿ ನೋಡೀರೇನು?” ಎಂದು ಕೇಳಿದರು. ಹೌದೆಂದೆ. “ಇರ್ಲಿ ಬಿಡು” ಅಂದರು. ಐದನೆಯ ಜಾಗದ ಮಾತನ್ನು ಮತ್ತೆ ತೆಗೆಯಲಿಲ್ಲ. ಜಮಾದಾರರಿಗೆ ಇನ್ನೂ ಕಾಯಬೇಕೆಂದು ನಾನೇ ತಿಳಿಸಿದೆ. ಅವರಿಗೆ ಬೇಸರವಾಯಿತು. ಅದನ್ನು ಮುಚ್ಚಿಡಲೂ ಇಲ್ಲ. “ಕೇಳಸದವ್ರಿಗಿ ಸೀಟು, ಕೇಳಸವ್ರಿಗಿ ವೇಟಿಂಗು. ಭಾರೀ ನ್ಯಾಯ ಅದವ್ವಾ ನಿಮ್ದು.”

ಮೇ ತಿಂಗಳು ಹೀಗೇ ಹೋಯಿತು. ಎಲ್ಲವೂ ಚಂದವಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ನಿಧಾನದ ಕರೆಯಲ್ಲಿ ಫಿಟ್ಟರು ಎರಡು ಸಲ ನಿದ್ದೆ ಹೋದರು, ಅವರ ಗೊರಕೆಗೂ ಚಾಚಾ ಹೋಲ್ಡಾನ್ ಅಂದರು. ಟೈಪಿಸ್ಟ್‌ಬಾಯಿ, “ನನ್ನ ಪಾಠ ಮುಗಿಯೋದ್ರಾಗ ಉಪ್ಪಿನಕಾಯಿ ಕೆಟ್ಟು ಹೋಗ್ತದ” ಎಂದು ಗೊಣಗಿದರು. ರೋಜಾದ ಕೊನೆಯ ವಾರ ಚಾಚಾರ ಗಂಟಲು ಕಟ್ಟಿತ್ತು, ಅಂದಿನ ಕರೆ ಅರ್ಧಕ್ಕೇ ನಿಂತಿತು. ಆದರೆ ಒಂದು ವಾಕ್ಯ ಹೇಳಿ ನಿಲ್ಲಬೇಕೆಂದಾಗ ಪ್ರತಿಯೊಬ್ಬರೂ ಹೇಳಬೇಕಾದದ್ದನ್ನು ಮೊದಲೇ ಯೋಚಿಸಿ ಬರತೊಡಗಿದರು. ಜಗಳಗಳೂ ಕಡಿಮೆಯಾದವು. ಸಿಟ್ಟಿನ ಮಾತನ್ನು ಇನ್ನೊಬ್ಬರು ಶಾಂತವಾಗಿ ತಿರುಗಿ ಹೇಳುವುದನ್ನು ಕೇಳಿದರೆ ಆಡಿದವರಿಗೇ ನಗು ಬರುತ್ತಿತ್ತು.

ನರ್ಸಬಾಯಿಯ ಪಾಠದ ಸರದಿ ಬಂದಾಗ ಊರೂರಿಗೆ ಹೊರಗಿನಿಂದ ಜನ ಮರಳಿ ಬರುತ್ತಿದ್ದರು, ಶಾಲೆಗಳಲ್ಲಿ ಅವರನ್ನು ಇರಿಸಿದ್ದರು. ಎಲ್ಲರಿಗೂ ಭಯವಿತ್ತು. ಮಲಗಿದವರ ಎದೆ ನೋಡಿ ಉಸಿರು ಎಣಿಸುವುದು ಹೇಗೆ, ಯಾವಾಗ ಮನೆಯಲ್ಲಿ ಕಾಯಬಹುದು, ಯಾವಾಗ ಕಾಯದೆ ದವಾಖಾನೆಗೆ ಹೋಗಬೇಕು ಎಂಬುದನ್ನು ಅವರು ಹೇಳಿದರು. ಹೇಳುವುದಕ್ಕೆ ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಪ್ರಶ್ನೆಗಳು ಮಾತ್ರ ಚಾಚಾರ ದನಿಯಲ್ಲಿ ಹೋದವು. ಅಂದು ಪ್ರಶ್ನೆಗಳು ಮುಗಿಯಲೇ ಇಲ್ಲ. ಟೈಪಿಸ್ಟ್‌ಬಾಯಿಯೂ ನಿಧಾನದ ಬಗ್ಗೆ ದೂರಲಿಲ್ಲ. ಕೊನೆಯಲ್ಲಿ ನರ್ಸಬಾಯಿ, “ಇವತ್ತ ಭಾಳ ಮಾತಾಡ್ದೆ. ಗಂಟಲು ನೋವಾಗ್ಯಾದ. ಚಲೋ ಅನಸ್ತದ” ಅಂದರು.

ಜೂನ್ ತಿಂಗಳಲ್ಲಿ ಕಿವಿ ಮಷೀನಿನ ಅಂಗಡಿ ತೆರೆಯಿತು. ಬಸ್ಸೂ ಓಡುತ್ತಿತ್ತು. ಅಂಗಡಿಯವರು ಕೊಟ್ಟ ಸೆಲ್ಲಿನ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ನಾನೇ ಔರಾದಿಗೆ ಹೋದೆ. ನರ್ಸಬಾಯಿ ಬಾಗಿಲಲ್ಲೇ ಇದ್ದರು. ನನ್ನ ಮಾಸ್ಕಿನಿಂದಾಗಿ ಅವರಿಗೆ ತುಟಿ ಕಾಣಲಿಲ್ಲ, ನಾನು ಅಂದದ್ದು ತಿಳಿಯಲಿಲ್ಲ. ಸೆಲ್ಲಿನ ಮೇಲಿನ ಅಂಟುಚೀಟಿ ಕಿತ್ತು, ಅದಕ್ಕೆ ಗಾಳಿಯಾಡಲಿ ಎಂದು ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು, ಮಷೀನಿಗೆ ಹಾಕಿ ಕಿವಿಗೇರಿಸಿದರು. ಸಣ್ಣಗೆ ಒಂದು ಸೀಟಿ ಬಂತು.

“ಸಿಸ್ಟರ್” ಅಂದೆ.

ಅವರು ನನ್ನನ್ನೇ ನೋಡಿದರು. “ಎಷ್ಟು ಸಣ್ಣ ದನಿಯೇ ತಂಗಿ ನಿಂದು! ಮರತೇ ಬಿಟ್ಟಿದ್ದೆ. ಗುಬ್ಬಿ ಕೂಗಿದಂಗ ಅದ. ನಿನ್ನ ದನಿಗಿ ಐದು ಮಾತು ಕೇಳಿದ್ದೇ ಹೆಚ್ಚು.”

ಒಳಗೆ ಕೂರಿಸಿ ಸೊಸೆ ಚಹಾ ಕೊಟ್ಟಳು. ಮುಂದಿನ ಸೋಮವಾರದಿಂದ ಚಾಚಾ ತಿರುಗಿ ಹೇಳುವ ಅಗತ್ಯವಿಲ್ಲ, ಪಾಠಗಳು ಮೊದಲಿನಂತೆ ನಡೆಯಬಹುದು ಎಂದು ನಾನು ಸಂತೋಷದಿಂದ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

“ಸೋಮವಾರದ ನನ್ನ ಜಾಗಾ, ನೀ ಹೇಳಿದ್ಯಲ್ಲ, ಕಾಯ್ಲಿಕ್ಕತ್ತಾರಂತ, ಆ ಜಮಾದಾರರಿಗಿ ಕೊಡು.”

ನಾನು ಚಹಾ ಕೆಳಗಿಟ್ಟೆ. ಅಷ್ಟು ಮಂದಿ ಸೇರಿ ಉಳಿಸಿಕೊಂಡ ಜಾಗವದು.

“ಸಿಟ್ಟಾಗಬ್ಯಾಡ. ಈ ಊರಾಗ ಕಿವಿ ಹೋದವ್ರು ಯಾರ್ಯಾರು ಅಂತ ನನಗ ಗೊತ್ತದ. ನನ್ನ ಓಣ್ಯಾಗೇ ಮೂರು ಮಂದಿ ಇದ್ದಾರ, ಎಲ್ಲಾರೂ ನೌಕರಿ ಮಾಡಿ ರಿಟೈರ್ ಆದವ್ರೇ. ಮಷೀನು ಯಾರೂ ಹಾಕಲ್ಲ. ನನ್ನ ಕಿವಿ ನೆಟ್ಟಗಿದ್ದಾಗ ನಾನೂ ಅವ್ರ ಜೋಡಿ ಮಾತು ಬಿಟ್ಟಿದ್ದೆ. ಕೂಗಿ ಕೂಗಿ ಬ್ಯಾಸರಾಗ್ತದಲ್ಲ. ಮೂರು ಮಂದಿ ಅವ್ರು, ನಾ ಒಬ್ಬಾಕಿ, ಚಾಚಾ ಒಬ್ರು. ಐದು ಆತಿಲ್ಲೋ? ನನಗ ಬ್ಯಾರೆ ಒಂದು ದಿನ ಕೊಡು.”

“ಚಾಚಾ ಒಪ್ತಾರೇನ್ರಿ?”

“ನಿನ್ನಿ ಸೊಸಿ ಕಡಿಂದ ಫೋನ್ ಹಚ್ಚಿಸಿ ಕೇಳೀನಿ. ಟಿಕೇಟ್ ನಾ ಅಲ್ಲದ ಮತ್ಯಾರು ಹರೀತಾರ ಅಂದ್ರು.”

ಜಮಾದಾರರಿಗೆ ಅಂದು ಸಂಜೆಯೇ ಫೋನು ಮಾಡಿದೆ. ಯಾರ ಜಾಗ, ಹೇಗೆ ಬಂತು ಎಂಬುದನ್ನೂ ಹೇಳಿದೆ. ಅವರು, “ಆ ಬಾಯಿಗಿ ನನ್ನ ಸಲಾಂ ಹೇಳವ್ವಾ” ಅಂದರು, “ಅವತ್ತ ನಾ ಅಂದಿದ್ದು ಹೇಳಬ್ಯಾಡ.” ನಾನು ಹೇಳಿಲ್ಲ. ಸೋಮವಾರದ ಗುಂಪು ಇಂದಿಗೂ ಇದೆ. ಈಗ ಅವರೆಲ್ಲ ಎದುರುಬದುರು ಕೂರುತ್ತಾರೆ. ಅಲ್ಲಿ ಅತಿ ಹೆಚ್ಚು ಜಗಳಾಡುವವರು ಜಮಾದಾರರೇ.

ಔರಾದಿನ ಹೊಸ ಗುಂಪಿಗೆ ಗುರುವಾರ ಸಂಜೆ ಕೊಟ್ಟೆ. ಮೊದಲ ಕರೆಗೆ ಮುಂಚೆ ನರ್ಸಬಾಯಿ ಮೂರೂ ಮನೆಗಳಿಗೆ ಹೋಗಿ, ಫೋನಿನ ದನಿ ಹೆಚ್ಚಿಸುವುದು, ಕಿವಿಗೆ ಹೇಗೆ ಹಿಡಿಯಬೇಕೆಂಬುದು ಎಲ್ಲ ತೋರಿಸಿ ಬಂದಿದ್ದರು. ನಾನು ಒಬ್ಬೊಬ್ಬರನ್ನೇ ಜೋಡಿಸಿ, ನನ್ನ ಮೈಕು ಮುಚ್ಚಿ, ಕೇಳುತ್ತ ಕೂತೆ. ನನ್ನ ದನಿ ಆ ಕರೆಯಲ್ಲಿ ಯಾರಿಗೂ ಉಪಯೋಗವಿರಲಿಲ್ಲ.

ಚಾಚಾ ಒಬ್ಬೊಬ್ಬರ ಹೆಸರು ಹಿಡಿದು ಕರೆದರು. ಇಬ್ಬರು ‘ಹಾಂ’ ಅಂದರು. ಮೂರನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಅವರ ಕಡೆಯಿಂದ ಉಸಿರಾಟ ಮಾತ್ರ ಬರುತ್ತಿತ್ತು. ಚಾಚಾ ಮತ್ತೆ ಕರೆದರು. ಇಲ್ಲ. ನರ್ಸಬಾಯಿ, “ಅವಸರ ಮಾಡಬ್ಯಾಡ್ರಿ ಚಾಚಾ, ಏನರೆ ಸಾದಾ ಮಾತು ಕೇಳ್ರಿ” ಅಂದರು.

ಚಾಚಾ ತುಸು ಯೋಚಿಸಿ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದರು. “ಬೀದರಿನ್ಯಾಗ… ಮಳಿ… ಆಗ್ಯಾದ. ನಿಮ್ಮ ಕಡಿ… ಆಯ್ತೇನ್ರಿ?”

ನಾವೆಲ್ಲ ಕಾದೆವು.

“ಆಗ್ಯಾದ್ರಿ” ಅಂದರು ಲೈನ್‌ಮನ್. ದನಿ ಬಳಸದೆ ಬಹಳ ದಿನವಾದವರ ಹಾಗಿತ್ತು. “ನಿನ್ನಿ ರಾತ್ರಿ ಆಗ್ಯಾದ. ತಗಡಿನ ಪತ್ರಾಸಿನ ಮನಿ ನಂದು, ಖರೆ ಸಪ್ಪಳ ಕೇಳಿಲ್ಲ. ಮುಂಜಾನಿ ಎದ್ದು ಅಂಗಳಕ್ಕ ಕಾಲಿಟ್ರ ಹಸಿ ಇತ್ತು. ಓಹೋ, ಮಳಿ ಬಂದು ಹೋಗ್ಯಾದ ಅಂತ ತಿಳ್ಕೊಂಡೆ.”

ಅಷ್ಟು ಹೇಳಿ ನಿಲ್ಲಿಸಿದರು. ಆಮೇಲೆ, ಯಾರೂ ಕೇಳದೆಯೇ, “ಬೀದರಿನ್ಯಾಗ ಭಾಳ ಆಯ್ತೇನ್ರಿ?” ಎಂದು ಕೇಳಿದರು.